ಮೂರು ಮೆಟ್ಟಿಲು, ಮೂವತ್ತಡಿ ದಾರಿ

ಮೈಸೂರಿನ ಕುವೆಂಪುನಗರದಲ್ಲಿ 40×60 ಸೈಟು. ಪೂರ್ವಕ್ಕೆ ಬೀದಿ, ಮನೆ ಮುಂದೆ 12 ಅಡಿ ಅಂಗಳ, ದಕ್ಷಿಣಕ್ಕೆ 8 ಅಡಿಯ ಓಣಿ, ಉತ್ತರಕ್ಕೆ 4 ಅಡಿಯದು. ಅಂಗಳದಿಂದ ಮನೆಯ ನೆಲಕ್ಕೆ 18 ಇಂಚು ಎತ್ತರ, ಅಂದರೆ ಆರಾರು ಇಂಚಿನ ಮೂರು ಮೆಟ್ಟಿಲು. ಈ ಮೂರು ಮೆಟ್ಟಿಲನ್ನು ನಾವ್ಯಾರೂ ಲೆಕ್ಕಕ್ಕೆ ಇಟ್ಟವರಲ್ಲ. ಅಮ್ಮನಿಗೆ ಸೊಂಟದ ಆಪರೇಷನ್ ಆಗಿ ವಾಕರ್ ಬಂದ ಮೇಲೆ ಅವೇ ಮನೆಗೂ ಬೀದಿಗೂ ನಡುವಿನ ಗಡಿಯಾದವು. ತುಳಸಿಕಟ್ಟೆ ಮೆಟ್ಟಿಲಿನ ಆ ಕಡೆ, ಅಮ್ಮ ಈ ಕಡೆ.

ಇದರ ಜೊತೆ ಇನ್ನೆರಡು ಹಳೇ ಗೋಳು. ದಕ್ಷಿಣದ ಓಣಿಗೆ ಹಿಂದೆಂದೋ ಎಸಿ (ಕಲ್ನಾರು ಸಿಮೆಂಟ್) ಶೀಟ್ ಹೊದಿಸಿ ಬಟ್ಟೆ ಒಗೆಯುವ ಜಾಗ ಮಾಡಿಕೊಂಡಿದ್ದೆವು, ಹಾಗಾಗಿ ಊಟದ ಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ಮುಂದಿನ ಕಾಂಪೌಂಡ್ 6 ಅಡಿ ಎತ್ತರದ ಗಟ್ಟಿ ಗೋಡೆ, ಗೇಟು ತಗಡಿನದು. ಬೆಳಗಿನ ಬಿಸಿಲು ಜಗುಲಿಗೆ ತಲುಪುವ ಹೊತ್ತಿಗೆ ಎಲ್ಲರೂ ಕೆಲಸಕ್ಕೆ ಹೊರಟಿರುತ್ತಾರೆ. ಹತ್ತಿ ಇಳಿಯೋ ಅನುಕೂಲ, ಬೆಳಕು, ಚೆಂದ ಅಂತ ಮೂರು ಬೇರೆ ಬೇರೆ ಕೆಲಸ ಬರೆದುಕೊಂಡು ಶುರು ಮಾಡಿದೆ. ಕೊನೆಗೆ ಮೂರೂ ಒಂದೇ ಕೆಲಸವಾಯಿತು, ಯಾಕೆಂದರೆ ಮೂರಕ್ಕೂ ಆ 18 ಇಂಚಿನ ಲೆಕ್ಕವೇ ಬುನಾದಿ.

ಗಾರೆ ಮೇಸ್ತ್ರಿ ಬಂದು ನೋಡಿದವರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು. "ಸಾ, ಮೆಟ್ಟಿಲ ಪಕ್ಕಕ್ಕೆ ಒಂದು ರ‍್ಯಾಂಪ್ ಹೊಡೆದ್ಬಿಟ್ರೆ ಮುಗೀತು. ಒಂದು ಆರಡಿ ಉದ್ದ ಸಾಕು ಬುಡಿ."

ಆರಡಿಯಲ್ಲಿ ಒಂದೂವರೆ ಅಡಿ ಏರಿದರೆ 1:4 ಇಳಿಜಾರು. ಸ್ಕೂಟರ್ ಹತ್ತುತ್ತೆ, ವಾಕರ್ ಹತ್ತೋಲ್ಲ. ಬೆಂಗಳೂರು, ಮೈಸೂರಿನಲ್ಲಿ ಬ್ಯಾಂಕು, ಕ್ಲಿನಿಕ್ಕುಗಳ ಮುಂದೆ ಕಾಣುವ ಅರ್ಧಕ್ಕರ್ಧ ರ‍್ಯಾಂಪುಗಳು ಇದೇ ಜಾತಿ: ತೋರಿಸೋಕೆ ಇವೆ, ಬಳಸೋಕಲ್ಲ. ನಮ್ಮ ದೇಶದ ಮಾನದಂಡಗಳಲ್ಲಿ ರ‍್ಯಾಂಪಿಗೆ ಗರಿಷ್ಠ ಇಳಿಜಾರು 1:12, ಅಗಲ ಕನಿಷ್ಠ 1200 ಮಿಮೀ. ಖಾಸಗಿ ಮನೆಗೆ ಯಾರೂ ಬಂದು ಅಳತೆ ಮಾಡುವುದಿಲ್ಲ, ನಿಜ. ಆದರೆ ಆ ಅಂಕಿ ಯಾವುದೋ ಕಚೇರಿಯ ಹಟದಿಂದ ಬಂದದ್ದಲ್ಲ, ಮನುಷ್ಯನ ತೋಳು ಮತ್ತು ಮೊಣಕಾಲಿನ ಶಕ್ತಿಯಿಂದ ಬಂದದ್ದು. 1:12 ಅಂದರೆ ನಮಗೆ 18 ಅಡಿ ಉದ್ದ ಬೇಕು. ಮುಂದಿನ ಅಂಗಳವಿರುವುದೇ 12 ಅಡಿ. ಮಧ್ಯದಲ್ಲಿ ಮಡಿಸಿ ಇಂಗ್ಲಿಷಿನ ಯು ಆಕಾರ ಮಾಡಬಹುದಿತ್ತು. ಆಗ ಅಂಗಳವೆಲ್ಲ ರ‍್ಯಾಂಪೇ ಆಗಿ, ಎರಡೂ ಬದಿ ಸ್ಟೀಲ್ ಕಂಬಿ ನಿಂತು, ಮನೆಗೆ ನರ್ಸಿಂಗ್ ಹೋಮ್ ಕಳೆ ಬಂದುಬಿಡುತ್ತಿತ್ತು.

ಹಲಗೆ ಪರೀಕ್ಷೆ

ಕಾಗದದ ಮೇಲೆ ಕೂತು ತೀರ್ಮಾನ ಮಾಡುವ ಬದಲು ಸಾರವೆ ಕಟ್ಟುವವರ ಹತ್ತಿರ 10 ಅಡಿ ಉದ್ದದ ದಪ್ಪ ಹಲಗೆಗಳನ್ನು ತಂದು ಅಂಗಳದಲ್ಲಿ ಜೋಡಿಸಿದೆ. ಒಂದು ತುದಿಗೆ ಇಟ್ಟಿಗೆ ಕೊಟ್ಟು 10 ಇಂಚು ಎತ್ತರಿಸಿದರೆ ಸರಿಯಾಗಿ 1:12. ಅಮ್ಮ ವಾಕರ್ ಹಿಡಿದು ಹತ್ತಿದರು, ಮೇಲೆ ನಿಂತು "ಪರವಾಗಿಲ್ಲ" ಅಂದರು. ಇಳಿಯುವಾಗ ಎರಡು ಹೆಜ್ಜೆ ಇಟ್ಟು ನಿಂತೇಬಿಟ್ಟರು. ವಾಕರ್ ಮುಂದಕ್ಕೆ ಜಾರುತ್ತೆ, ಮೈಭಾರ ಅದರ ಹಿಂದೆ ಓಡುತ್ತೆ. ಹತ್ತೋದು ದಮ್ಮಿನ ಪ್ರಶ್ನೆ, ಇಳಿಯೋದು ಧೈರ್ಯದ್ದು. ರ‍್ಯಾಂಪ್ ಬಗ್ಗೆ ಮಾತಾಡುವವರೆಲ್ಲ ಹತ್ತೋದರ ಬಗ್ಗೆಯೇ ಯೋಚಿಸುತ್ತಾರೆ.

ಅದೇ ಹಲಗೆಯ ಎತ್ತರವನ್ನು 6 ಇಂಚಿಗೆ ಇಳಿಸಿದೆ. ಅದು 1:20. ಅಮ್ಮ ಹತ್ತಿದರು, ಮೇಲೆ ತಿರುಗಿದರು, ಮಾತಾಡಿಕೊಂಡೇ ಇಳಿದರು. ಕಟ್ಟಡದ ನಿಯಮಗಳಲ್ಲೂ ಈ 1:20 ಒಂದು ಗೆರೆ: ಅದಕ್ಕಿಂತ ಕಡಿಮೆ ಇಳಿಜಾರಿದ್ದರೆ ಅದನ್ನು ರ‍್ಯಾಂಪ್ ಅಂತ ಎಣಿಸದೆ ನಡೆಯುವ ದಾರಿ ಅಂತಲೇ ಎಣಿಸುತ್ತಾರೆ. ನಮ್ಮ 18 ಇಂಚಿಗೆ 1:20 ಅಂದರೆ 30 ಅಡಿ.

30 ಅಡಿ ಎಲ್ಲಿದೆ? ಮುಂಬಾಗಿಲಿಗೆ ಇಲ್ಲ. ಆದರೆ ಗೇಟಿನಿಂದ ದಕ್ಷಿಣದ ಓಣಿ ಹಿಡಿದು ಒಳಗೆ ಹೋದರೆ, ಸುಮಾರು 35 ಅಡಿ ದೂರದಲ್ಲಿ ಊಟದ ಮನೆಯ ಪಕ್ಕದ ಬಾಗಿಲಿದೆ. ಗೇಟು ತೆರೆಯಲು 5 ಅಡಿ ಸಮತಟ್ಟು, ಆಮೇಲೆ 30 ಅಡಿ ಏರು, ಬಾಗಿಲ ಮುಂದೆ ವೀಲ್‌ಚೇರ್ ತಿರುಗಿಸಲು 5 ಅಡಿಯ ಸಮತಟ್ಟು. ಅಳತೆ ಪಟ್ಟಿ ಹಾಕಿ ನೋಡಿದಾಗ ಇದಕ್ಕೇ ಕಾದಿಟ್ಟ ಹಾಗೆ ಹೊಂದಿಕೊಂಡಿತು. ಮೆಟ್ಟಿಲುಗಳನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಕತ್ತಲ ಓಣಿಯೇ ಮನೆಯ ಹೆದ್ದಾರಿ ಆಗಬೇಕೆಂದರೆ ಅದಕ್ಕೆ ಬೆಳಕು ತರದೆ ವಿಧಿಯಿಲ್ಲ ಅನ್ನುವುದೂ ಅಲ್ಲಿಗೆ ತೀರ್ಮಾನವಾಯಿತು.

ಬಿಸಿಲಿನ ಲೆಕ್ಕ

ಓಣಿಯ ದಕ್ಷಿಣಕ್ಕೆ ಪಕ್ಕದವರ ಎರಡಂತಸ್ತಿನ ಮನೆ, 22 ಅಡಿ ಎತ್ತರ. ಕಾಂಪೌಂಡಿಂದ ಆ ಕಡೆ ಅವರು 5 ಅಡಿ ಬಿಟ್ಟಿದ್ದಾರೆ. ಶೀಟ್ ತೆಗೆದರೂ ಬಿಸಿಲು ಬೀಳುತ್ತದೆಯೋ ಇಲ್ಲವೋ ಅಂತ ಮೊದಲೇ ತಿಳಿಯಬೇಕಿತ್ತು, ಯಾಕೆಂದರೆ ಗಿಡ ಯಾವುದು ಅನ್ನೋದು ಅದರ ಮೇಲೆ ನಿಂತಿದೆ.

ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ಬಾಗಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. 22 ಅಡಿ ಗೋಡೆಯ ನೆರಳು ಆಗ 16 ಅಡಿ ಚಾಚುತ್ತದೆ: ಅವರ 5, ನಮ್ಮ 8 ಸೇರಿ 13 ಅಡಿ ದಾಟಿ ನಮ್ಮ ಗೋಡೆಯನ್ನೂ ಸ್ವಲ್ಪ ಹತ್ತುತ್ತದೆ. ಮಾರ್ಚ್ 21ರ ಹೊತ್ತಿಗೆ ಸೂರ್ಯ 78 ಡಿಗ್ರಿಗೆ ಏರಿ ನೆರಳು 5 ಅಡಿಗಿಂತ ಕಡಿಮೆಯಾಗುತ್ತದೆ, ಅಂದರೆ ಅವರ ಜಾಗದಲ್ಲೇ ಮುಗಿಯುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಲ್ಲಿ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. "ದಕ್ಷಿಣಕ್ಕೆ ಬಿಸಿಲು ಜಾಸ್ತಿ" ಅನ್ನುವ ವಿದೇಶಿ ತೋಟಗಾರಿಕೆ ವಿಡಿಯೋಗಳ ಮಾತು ಮೈಸೂರಿಗೆ ಪೂರ್ತಿ ಹೊಂದದಿರುವುದು ಇದಕ್ಕೇ.

ಒಟ್ಟು ಫಲಿತಾಂಶ: ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಓಣಿಯ ನೆಲಕ್ಕೆ ನಡುಹಗಲ ಬಿಸಿಲಿಲ್ಲ, ಬರೀ ಆಕಾಶದ ಬೆಳಕು. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಧಾರಾಳ ಬಿಸಿಲು. ನಡುವಿನ ತಿಂಗಳುಗಳಲ್ಲಿ ನೆರಳಿನ ಅಂಚು ಓಣಿಯೊಳಗೆ ಹೋಗಿ ಬಂದು ಮಾಡುತ್ತದೆ.

ಮುಂದಿನ ಕಾಂಪೌಂಡಿಗೂ ಇದೇ ಲೆಕ್ಕ. ಸೂರ್ಯ ಹುಟ್ಟಿ ಸುಮಾರು ಒಂದೂವರೆ ಗಂಟೆಗೆ 20 ಡಿಗ್ರಿ ಏರಿರುತ್ತಾನೆ. ಆಗ 6 ಅಡಿ ಗೋಡೆಯ ನೆರಳು ಹದಿನಾರೂವರೆ ಅಡಿ, 12 ಅಡಿಯ ಅಂಗಳ ದಾಟಿ ಜಗುಲಿಯ ಗೋಡೆ ಮೇಲೆ ಬೀಳುತ್ತೆ. ಮೂರೂವರೆ ಅಡಿ ಗೋಡೆಯಾದರೆ ನೆರಳು ಹತ್ತಡಿಯೊಳಗೆ ನಿಲ್ಲುತ್ತೆ. ಹಾಗಾಗಿ ಕಾಂಪೌಂಡನ್ನು ಮೂರೂವರೆ ಅಡಿಗೆ ಇಳಿಸಿ ಮೇಲೆ ಸರಳಿನ ಗ್ರಿಲ್ ಕೂರಿಸುವುದು ಅಂತಾಯಿತು. "ಕಳ್ಳರ ಭಯ" ಅಂತ ಪಕ್ಕದ ಮನೆಯ ಅಂಕಲ್ ಎಚ್ಚರಿಸಿದರು. ನನ್ನ ಅಭಿಪ್ರಾಯ ತಿರುಗಾಮುರುಗ. ಗಟ್ಟಿ ಗೋಡೆ ಹಾರಿ ಒಳಗೆ ಬಂದವನು ಬೀದಿಗೆ ಕಾಣೋದೇ ಇಲ್ಲ.

ಕೆಡವುವುದು

ಮೊದಲು ಎಸಿ ಶೀಟ್. ಇದರಲ್ಲಿ ಕಲ್ನಾರು ಇರುತ್ತದೆ. ಸುತ್ತಿಗೆಯಲ್ಲಿ ಒಡೆದು ಕೆಳಗೆ ಬೀಳಿಸುವುದೇ ನಮ್ಮಲ್ಲಿ ರೂಢಿ, ಆದರೆ ಒಡೆದಾಗ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಶೀಟಿಗೆ ಪೈಪಿನಲ್ಲಿ ಚೆನ್ನಾಗಿ ನೀರು ಹೊಡೆದು ನೆನೆಸಿ, ಜೆ ಬೋಲ್ಟ್‌ಗಳನ್ನು ಬಿಚ್ಚಿ, ಇಡಿಯಾಗಿ ಕೆಳಗಿಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದೆವು. ಗರಗಸ ಅಥವಾ ಕಟಿಂಗ್ ಮೆಷಿನ್ ಮುಟ್ಟಿಸಲೇ ಇಲ್ಲ. ಎಲ್ಲರಿಗೂ ಎನ್95 ಮಾಸ್ಕ್. ಹುಡುಗರು ಮೊದಲು ನಕ್ಕರು, ಆಮೇಲೆ ಹಾಕಿಕೊಂಡರು.

ಅಂದು ಸಾಯಂಕಾಲ ಊಟದ ಮನೆಯ ನೆಲದ ಮೊಸಾಯಿಕ್ಕಿನಲ್ಲಿ ಹಸಿರು ಚಿಪ್ಸ್ ಇರುವುದು ಕಾಣಿಸಿತು. ಅದು ಬೂದು ಅಂತಲೇ ಅಂದುಕೊಂಡಿದ್ದೆವು.

ಅಂಗಳದ ಉತ್ತರ ಮೂಲೆಯಲ್ಲಿ ಬೇವಿನ ಮರ. ಅದು ಬೆಳಕಿಗೆ ಅಡ್ಡ, ಕಡಿಸಿಬಿಡಿ ಅಂತ ಹೇಳಿದವರು ಹಲವರು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿನಾಯಿತಿ ಪಡೆದ ಕೆಲವು ಜಾತಿ ಬಿಟ್ಟರೆ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಅನುಮತಿ ಸಿಕ್ಕರೂ ನಾನು ಕಡಿಸುತ್ತಿರಲಿಲ್ಲ. ಕೆಳಗಿನ ನಾಲ್ಕಾರು ಕೊಂಬೆ ಸವರಿಸಿದ್ದಕ್ಕೇ ಬೆಳಗಿನ ಓರೆ ಬಿಸಿಲು ಒಳಗೆ ನುಸುಳಿತು. ಮಧ್ಯಾಹ್ನದ ನೆರಳು ಹಾಗೇ ಉಳಿಯಿತು. ಕಾರು ನಿಲ್ಲುವುದೂ ಆ ನೆರಳಲ್ಲೇ.

ಕಾಂಪೌಂಡ್ ಒಡೆದ ಇಟ್ಟಿಗೆ ಚೂರನ್ನು ಟ್ರ್ಯಾಕ್ಟರ್‌ಗೆ ಹಾಕಿಸಲು ಮೇಸ್ತ್ರಿ ಹೊರಟಿದ್ದರು. ತಡೆದೆ. ಅದಕ್ಕೆ ಬೇರೆ ಕೆಲಸವಿತ್ತು.

ಮಟ್ಟ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಸಲಕರಣೆ ಅಗ್ಗಕ್ಕೆ ಸಿಗುವ ಪಾರದರ್ಶಕ ಪೈಪು. ಗಾರೆಯವರು ಟ್ಯೂಬ್ ಲೆವೆಲ್ ಅನ್ನುತ್ತಾರೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿ ಮನೆಯ ನೆಲದ ಮಟ್ಟಕ್ಕೆ ಹಿಡಿದರೆ ಇನ್ನೊಂದು ತುದಿಯ ನೀರು 35 ಅಡಿ ದೂರದ ಗೇಟಿನ ಹತ್ತಿರವೂ ಅದೇ ಮಟ್ಟ ತೋರಿಸುತ್ತದೆ. ರಸಮಟ್ಟ ಇಟ್ಟು ಇಟ್ಟು ಮುಂದುವರಿದರೆ ಪ್ರತಿ ಸಲದ ಕೂದಲೆಳೆ ವ್ಯತ್ಯಾಸ ಕೂಡುತ್ತಾ ಹೋಗುತ್ತೆ. ನೀರಿಗೆ ಆ ಬಾಧೆಯಿಲ್ಲ.

ಕಾಂಪೌಂಡ್ ಗೋಡೆಯ ಮೇಲೆ ನೆಲದ ಮಟ್ಟದ ಗೆರೆಯನ್ನು ನೂಲಿನಿಂದ ಹೊಡೆದು, ಅದರಿಂದ ಕೆಳಕ್ಕೆ ಪ್ರತಿ 5 ಅಡಿಗೆ 3 ಇಂಚಿನಂತೆ ಗುರುತು ಹಾಕಿದೆವು. ಬಾಗಿಲ ಹತ್ತಿರ ಸೊನ್ನೆ, ಆಮೇಲೆ 3, 6, 9, 12, 15, 18. "ಐದಡಿಗೆ ಮೂರಿಂಚು" ಅನ್ನುವುದು ಇಡೀ ಗ್ಯಾಂಗಿಗೆ ಮಂತ್ರವಾಯಿತು. ಇಳಿಜಾರನ್ನು ಅನುಪಾತದಲ್ಲಿ ಹೇಳಿದರೆ ಯಾರ ತಲೆಗೂ ಹೋಗಲ್ಲ, ಅಡಿಗೆ ಇಂಚಿನ ಲೆಕ್ಕದಲ್ಲಿ ಹೇಳಿದರೆ ಮರೆಯಲ್ಲ.

ಅಡ್ಡಕ್ಕೂ ಓಟ, ಅಂದರೆ ನೀರು ಹರಿಯುವಷ್ಟು ಇಳಿಜಾರು, ಬೇಕು. 4 ಅಡಿ ಅಗಲದ ದಾರಿಗೆ ಮನೆಯಿಂದ ಆಚೆಗೆ ಒಂದು ಇಂಚು, ಸುಮಾರು 1:50. ಅದಕ್ಕಿಂತ ಜಾಸ್ತಿಯಾದರೆ ವಾಕರ್ ಒಂದು ಕಡೆಗೆ ಎಳೆಯುತ್ತದೆ. ಕಮ್ಮಿಯಾದರೆ ನೀರು ನಿಂತು ಪಾಚಿ ಕಟ್ಟುತ್ತದೆ.

ಓಣಿಯಲ್ಲಿ ಯುಜಿಡಿಯ (ಒಳಚರಂಡಿಯ) ಎರಡು ಚೇಂಬರ್, ಒಂದು ಸಂಪು ಇದ್ದವು. ಮಣ್ಣು ಏರಿಸಿ ಮೇಲೆ ಕಲ್ಲು ಹಾಸಿಬಿಟ್ಟರೆ ಮುಂದೊಂದು ದಿನ ಲೈನ್ ಕಟ್ಟಿಕೊಂಡಾಗ ಚೇಂಬರ್ ಎಲ್ಲಿದೆ ಅಂತ ನೆಲ ಅಗೆಯಬೇಕಾಗುತ್ತೆ. ಮೂರರ ಕುತ್ತಿಗೆಯನ್ನೂ ಹೊಸ ಮಟ್ಟದವರೆಗೆ ಇಟ್ಟಿಗೆಯಲ್ಲಿ ಏರಿಸಿ, ಒಳಗೆ ಗಿಲಾವು ಮಾಡಿ, ತಟ್ಟೆಯಂಥ ಮುಚ್ಚಳ ಕೂರಿಸಿ ಅದರೊಳಗೂ ಅದೇ ಕಲ್ಲು ತುಂಬಿಸಿದೆವು. ಈಗ ಕೀಲಿ ಹಾಕುವ ಎರಡು ತೂತು ಬಿಟ್ಟರೆ ಮುಚ್ಚಳವಿದೆ ಅಂತಲೇ ಗೊತ್ತಾಗದು.

ಮಟ್ಟಸದ ಒಂದು ಗೋಡೆ

ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಾರಿ ಏರುತ್ತಾ ಹೋದ ಹಾಗೆ ಅದರ ಹೊರ ಅಂಚಿನಲ್ಲಿ ಕಂದಕ ಹುಟ್ಟುತ್ತದೆ. ಬಾಗಿಲ ಹತ್ತಿರ ಬರುವಾಗ ಅದು ಒಂದೂವರೆ ಅಡಿ. ಬೀಳದಿರಲು ಕಂಬಿ ಹಾಕಬಹುದು, ಇಲ್ಲವೇ ಆ ಪಕ್ಕಕ್ಕೂ ಮಣ್ಣು ತುಂಬಬಹುದು. ಆದರೆ ಮಣ್ಣನ್ನು ಕಾಂಪೌಂಡಿಗೆ ಒರಗಿಸುವಂತಿಲ್ಲ. ಅದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಮಣ್ಣಿನ ಒತ್ತಡ ತಡೆಯುವುದಿಲ್ಲ, ಪಕ್ಕದವರ ಕಡೆ ತೇವ ಬೇರೆ. ಹಾಗಾಗಿ ಗಿಡಕ್ಕೆಂದೇ ಉದ್ದನೆಯ ತೊಟ್ಟಿಯೊಂದನ್ನು ಪ್ರತ್ಯೇಕವಾಗಿ ಕಟ್ಟಿದೆವು. ಓಣಿಯ 96 ಇಂಚಿನ ಹಂಚಿಕೆ ಹೀಗೆ: ಮನೆ ಗೋಡೆಗೆ ಹತ್ತಿಕೊಂಡು 6 ಇಂಚು ಜಲ್ಲಿಯ ಸಂದಿ, 48 ಇಂಚು ದಾರಿ, 8 ಇಂಚು ಸಾಲಿಡ್ ಬ್ಲಾಕ್ ಗೋಡೆ, 24 ಇಂಚು ಮಣ್ಣು, 6 ಇಂಚಿನ ಹಿಂಗೋಡೆ, ಕಾಂಪೌಂಡಿಗೆ ತಾಗದಂತೆ 4 ಇಂಚು ಖಾಲಿ. ಆ ಖಾಲಿ ಜಾಗಕ್ಕೆ ಎಲೆ, ಇಲಿ ಬೀಳದಂತೆ ಮೇಲೆ ಜಾಲರಿ. ಉದ್ದ ಗೋಡೆ ಉಬ್ಬದಿರಲು ಅಲ್ಲಲ್ಲಿ ಅಡ್ಡಗೋಡೆ.

ಈಗ ಗೋಡೆಯ ತಲೆ ಎಷ್ಟೆತ್ತರ? ಮೇಸ್ತ್ರಿ ಸಹಜವಾಗಿಯೇ ದಾರಿಯ ಜೊತೆ ಗೋಡೆಯನ್ನೂ ಇಳಿಜಾರಾಗಿ ಒಯ್ಯಲು ನೂಲು ಕಟ್ಟಿದ್ದರು. ನಾನು ಗೋಡೆ ಮಟ್ಟಸವಾಗಿರಲಿ ಅಂದೆ. ಹಳೆಯ ನೆಲದಿಂದ 36 ಇಂಚು, ಈ ತುದಿಯಿಂದ ಆ ತುದಿಗೆ ಒಂದೇ ಮಟ್ಟ. ದಾರಿ ಮಾತ್ರ ಅದರ ಪಕ್ಕದಲ್ಲಿ ಏರುತ್ತದೆ. ಏರು ಶುರುವಾಗುವಲ್ಲಿ ಗೋಡೆ 36 ಇಂಚು, ಅಂದರೆ ಅಡುಗೆಮನೆಯ ಕಟ್ಟೆಗಿಂತ ಕೊಂಚ ಎತ್ತರ. ಅಲ್ಲಿ ಬಗ್ಗದೆ ನಿಂತೇ ಗಿಡದ ಕಳೆ ಕೀಳಬಹುದು. ನಡುದಾರಿಯಲ್ಲಿ 27 ಇಂಚು, ಸುಸ್ತಾದರೆ ಅರೆ ಕೂತಂತೆ ಒರಗಬಹುದು. ಬಾಗಿಲ ಹತ್ತಿರ 18 ಇಂಚು, ಸರಿಯಾಗಿ ಕುರ್ಚಿಯ ಎತ್ತರ. 12 ಇಂಚು ಅಗಲದ ಗ್ರಾನೈಟ್ ಹಾಸು ಮೇಲೆ ಕೂತರೆ ಅದೇ ಜಗುಲಿ. ಬೆಂಚು, ಆಸರೆ, ತೊಟ್ಟಿ ಅಂತ ಮೂರು ಬೇರೆ ಬೇರೆ ಕಟ್ಟುವ ಬದಲು ಒಂದೇ ಗೆರೆಯಲ್ಲಿ ಮುಗಿಯಿತು. ಮಟ್ಟಸವಾದ ಗೆರೆ ಕಣ್ಣಿಗೂ ಶಾಂತ. ಪಕ್ಕದಲ್ಲಿ ನೆಲ ಏರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ನೂಲು ಬಿಚ್ಚಿ ಮತ್ತೆ ಕಟ್ಟುತ್ತಾ ಮೇಸ್ತ್ರಿ, "ಇದೇನ್ ಸಾ, ಗ್ವಾಡೆ ಕೆಳಕ್ಕೆ ಮುಳುಗ್ತಾ ಹೋಯ್ತದಲ್ಲ" ಅಂದರು. ಗಿಲಾವು ಆದ ಮೇಲೆ ಮೊದಲು ಅದರ ಮೇಲೆ ಕೂತು ಬೀಡಿ ಹಚ್ಚಿದವರೂ ಅವರೇ.

ಒಂದು ಎಚ್ಚರಿಕೆ: ಕಲ್ಲಿನ ಅಂಚು ಒರಗಲು ಸರಿ, ಹಿಡಿಯಲು ಅಲ್ಲ. ಎಡವಿದಾಗ ಬೆರಳು ಸುತ್ತಿಕೊಳ್ಳಲು ದುಂಡನೆಯದೇ ಬೇಕು. ಹಾಗಾಗಿ ಮನೆ ಗೋಡೆಯ ಕಡೆ ದಾರಿಯ ಓಟಕ್ಕೆ ಸಮನಾಗಿ 900 ಮಿಮೀ ಎತ್ತರದಲ್ಲಿ 40 ಮಿಮೀ ಸ್ಟೀಲ್ ಪೈಪ್ ಹಾಯಿಸಿದೆ. ತುದಿಗಳನ್ನು ಗೋಡೆಯ ಕಡೆಗೆ ಬಗ್ಗಿಸಿದ್ದು ಸೀರೆ ಸೆರಗು, ಚೀಲದ ಹಿಡಿ ಸಿಕ್ಕಿಕೊಳ್ಳಬಾರದೆಂದು. ಅದೇ ಗೋಡೆಯ ಎರಡು ಕಿಟಕಿಗಳ ರೆಕ್ಕೆ ಹೊರಕ್ಕೆ ತೆರೆಯುತ್ತಿದ್ದವು. ನೆಲ ಏರಿದ ಮೇಲೆ ಅವು ಸರಿಯಾಗಿ ನಡೆಯುವವರ ಮುಖಕ್ಕೆ ಬರುತ್ತವೆ! ಎರಡನ್ನೂ ಸ್ಲೈಡಿಂಗ್ ಮಾಡಿಸಿದೆ. ಓಣಿಯಲ್ಲಿ ದಾರಿ ಮಾಡುವವರು ಕಿಟಕಿ, ಗೀಸರ್ ಪೈಪು, ಎಸಿ ಯೂನಿಟ್ಟು ಇವನ್ನೆಲ್ಲ ಹೊಸ ನೆಲದ ಮಟ್ಟದಿಂದ ಇನ್ನೊಮ್ಮೆ ನೋಡಬೇಕು.

ತುಂಬುವುದು, ಹಾಸುವುದು

ದಾರಿಯ ಮಣ್ಣು ಮನೆಯ ತಳಪಾಯಕ್ಕೆ ತಾಗದಂತೆ ಮನೆ ಕಡೆಗೆ 4 ಇಂಚಿನ ಬ್ಲಾಕ್ ಕಟ್ಟಿ, ಹಿಂದೆ ಹೇಳಿದ ಆ 6 ಇಂಚಿನ ಸಂದಿಗೆ ತಳದಲ್ಲಿ ತೂತಿನ ಪೈಪ್ ಇಟ್ಟು 20 ಮಿಮೀ ಜಲ್ಲಿ ತುಂಬಿದೆವು. ಸಜ್ಜಾದಿಂದ ಬೀಳುವ ನೀರು ಅದರಲ್ಲೇ ಇಳಿದು ಹೋಗುತ್ತೆ. ಇದನ್ನು ಬಿಟ್ಟು ಮಣ್ಣನ್ನು ನೇರ ಗೋಡೆಗೆ ಒತ್ತಿ ತುಂಬಿದ ಮನೆಗಳಲ್ಲಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೋಡೆಯ ಬಣ್ಣ ಪೊರೆ ಏಳುವುದನ್ನು ನೋಡಿದ್ದೇನೆ.

ದಾರಿಯ ಹೊಟ್ಟೆಗೆ ಗ್ರಾವೆಲ್ ಮಣ್ಣು, ಆರಾರು ಇಂಚಿನ ಪದರವಾಗಿ, ನೀರು ಚಿಮುಕಿಸಿ ದಿಮ್ಮಸು ಹೊಡೆದು. ಇಲ್ಲಿ ಅವಸರ ಮಾಡಿದರೆ ಕಲ್ಲು ಒಂದು ಮಳೆಗೆ ಕುಸಿಯುತ್ತದೆ, ಐದಡಿಗೆ ಮೂರಿಂಚು ಅನ್ನೋ ಮಂತ್ರ ಹಾಳಾಗುತ್ತದೆ. ಅದರ ಮೇಲೆ 1:4:8 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟು 4 ಇಂಚು, ಗೋಣಿಚೀಲ ಹೊದಿಸಿ ಒಂದು ವಾರ ನೀರು.

ಕಲ್ಲು ಯಾವುದು ಅನ್ನುವುದಕ್ಕೆ ಬಹಳ ಚರ್ಚೆಯಾಯಿತು. ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಅಗ್ಗ, ಆದರೆ ಅದರ ಅಂಚುಗಳು ಇಳಿಜಾರು ಕತ್ತರಿಸಿರುವುದರಿಂದ ಪ್ರತಿ ಜೋಡಣೆಯಲ್ಲೂ ಸಣ್ಣ ತಗ್ಗು. ಚಕ್ರದ ವಾಕರ್ ಗಡಗಡ ಅನ್ನುತ್ತದೆ. ವಿಟ್ರಿಫೈಡ್ ಟೈಲ್ ಒದ್ದೆಯಾದರೆ ದೇವರೇ ಗತಿ. ಕಡಪ ಕಲ್ಲು ಕಪ್ಪು, ಏಪ್ರಿಲ್‌ನಲ್ಲಿ ಬರಿಗಾಲಿಡಲಾಗದು. ಕೊನೆಗೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಫ್ಲೇಮ್ ಫಿನಿಶ್. ಜ್ವಾಲೆ ಹಾಯಿಸಿ ಮೇಲ್ಮೈಯ ಹರಳುಗಳನ್ನು ಸಿಡಿಸಿ ಒರಟು ಮಾಡಿರುತ್ತಾರೆ, ನೆನೆದರೂ ಕಾಲು ಜಾರದು. ತಿಳಿಬೂದು ಬಣ್ಣವಾದ್ದರಿಂದ ಕಾಯುವುದು ಕಮ್ಮಿ, ಓಣಿಯ ಬೆಳಕನ್ನೂ ಮೇಲಕ್ಕೆ ಎಸೆಯುತ್ತದೆ. ಕಲ್ಲುಗಳ ನಡುವೆ 5 ಮಿಮೀ ಸಂದು, ಮಟ್ಟಕ್ಕೆ ತುಂಬಿದ ಪಾಯಿಂಟಿಂಗ್. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ನುಂಗಿದ್ದು ಈ ಕಲ್ಲೇ. ಎರಡನೆಯದು ಕೂಲಿ. ಲೈಟು, ಗಿಡ ಎಲ್ಲ ಸೇರಿದರೂ ಅದರ ಹತ್ತಿರಕ್ಕೂ ಬರಲಿಲ್ಲ.

ದಾರಿಯ 48 ಇಂಚಿನಲ್ಲೇ ತೊಟ್ಟಿ ಗೋಡೆಯ ಬುಡದ 4 ಇಂಚು ಕಾಲುವೆ, ಮೇಲೆ ಸೀಳು ಬಿಟ್ಟ ಕಲ್ಲಿನ ಪಟ್ಟಿ. ನೀರೆಲ್ಲ ಗೇಟಿನ ಕಡೆ ಹರಿದು, ಅಲ್ಲಿ 3 ಅಡಿ ವ್ಯಾಸದ ಸಿಮೆಂಟ್ ರಿಂಗ್ ಇಳಿಸಿ ಮಾಡಿದ ಇಂಗುಗುಂಡಿಗೆ ಬೀಳುತ್ತದೆ. ಮೈಸೂರಿನ ವರ್ಷದ ಮಳೆ ಸುಮಾರು 800 ಮಿಮೀ. ಅದರಲ್ಲಿ ಮೇ ತಿಂಗಳದ್ದೂ ಅಕ್ಟೋಬರಿನದ್ದೂ ಸುರಿದರೆ ಒಂದೇ ಸಲಕ್ಕೆ ಸುರಿಯುವ ಜಾತಿಯವು. ಬಾಗಿಲ ಮುಂದೆಯೂ ಒಂದು ಅಡ್ಡ ಕಾಲುವೆ ಹಾಕಿಸಿದ್ದು ಆ ಮಳೆಗಳಿಗೆ ಹೆದರಿ, ಯಾಕೆಂದರೆ ಆ ಬಾಗಿಲಿಗೆ ಈಗ ಹೊಸ್ತಿಲಿಲ್ಲ.

ಹೊಸ್ತಿಲಿನ ಮಾತು ಸುಲಭಕ್ಕೆ ಮುಗಿಯಲಿಲ್ಲ. ಎರಡೂವರೆ ಅಡಿಯ ಹಳೇ ಬಾಗಿಲು ತೆಗೆದು, ಓಡಾಡಲು ಪೂರ್ತಿ 900 ಮಿಮೀ ಸಿಗುವ ಬಾಗಿಲು ಕೂರಿಸುವುದಕ್ಕೆ ಅಮ್ಮನ ತಕರಾರಿರಲಿಲ್ಲ.

"ಹೊಸ್ತಿಲಿಲ್ಲದ ಬಾಗಿಲಾ? ಅರಿಶಿನ ಕುಂಕುಮ ಎಲ್ಲಿಗೋ ಹಚ್ಚೋದು?"

"ಮುಂಬಾಗಿಲ ಹೊಸ್ತಿಲು ಇದ್ದೇ ಇದೆಯಲ್ಲಮ್ಮ."

"ನಾನು ಓಡಾಡೋದು ಇದರಲ್ಲಿ ತಾನೆ?"

ಅದಕ್ಕೆ ಉತ್ತರವಿರಲಿಲ್ಲ. ಒಳಗಿನ ನೆಲಕ್ಕಿಂತ ಬರೀ ಅರ್ಧ ಇಂಚು ಎತ್ತರದ, ಎರಡೂ ಕಡೆ ಅಂಚು ಸವೆಸಿದ ಕರಿಕಲ್ಲಿನ ಪಟ್ಟಿಯೊಂದನ್ನು ಬಾಗಿಲಡಿ ಹಾಸಿದೆವು. ಚಕ್ರಕ್ಕೆ ಅದು ಇಲ್ಲದಂತೆಯೇ, ಕುಂಕುಮಕ್ಕೆ ಇದ್ದಂತೆ. ಬಟ್ಟೆ ಒಗೆಯುವ ಕಲ್ಲನ್ನು ಹಿತ್ತಲಿಗೆ ಸಾಗಿಸುವ ಬದಲು ತೊಟ್ಟಿ ಗೋಡೆಯ ಕೊನೆಯ ಹಾಸು ಮಾಡಿದೆವು. ವರ್ಷಾನುಗಟ್ಟಲೆ ಸವೆದು ಕನ್ನಡಿಯಾದ ಕಲ್ಲದು, ಕಾಲಿಡಲು ಅಪಾಯ, ಕೂರಲು ಸೊಗಸು.

ಗಿಡ

ತೊಟ್ಟಿಗೆ ತಳವಿಲ್ಲ, ಕೆಳಗೆ ನೇರ ನೆಲ. ಮೊದಲ ಒಂದಡಿಗೆ ಕಾಂಪೌಂಡಿನ ಇಟ್ಟಿಗೆ ಚೂರು (ಉಳಿಸಿಕೊಂಡದ್ದು ಇದಕ್ಕೇ), ಮೇಲೆ ಗೋಣಿತಟ್ಟು, ಆಮೇಲೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್. ಮಣ್ಣು ಮೊದಲ ಮಳೆಗೆ ಇಳಿಯುತ್ತದೆ, ಮತ್ತೆ ತುಂಬಲು ಒಂದು ಮೂಟೆ ಎತ್ತಿಟ್ಟಿರಬೇಕು.

ಗೇಟಿನ ತುದಿಗೆ ವರ್ಷವಿಡೀ ಬೆಳಗಿನ ಬಿಸಿಲು, ಅಲ್ಲಿ ಮಲ್ಲಿಗೆ, ಕನಕಾಂಬರ. ನಡುವೆ ದೊಡ್ಡಪತ್ರೆ, ತುಳಸಿ. ಚಳಿಗಾಲದಲ್ಲಿ ನೆರಳಾಗುವ ಒಳಭಾಗಕ್ಕೆ ಏನು ಅನ್ನೋದೇ ಕಷ್ಟವಿತ್ತು. ಅಮ್ಮನೇ ಹೇಳಿದ್ದು: ಅರಿಶಿನ ಹಾಕು. ಯೋಚಿಸಿದರೆ ಅದಕ್ಕಿಂತ ಸರಿಯಾದ ಗಿಡವಿಲ್ಲ. ಮೇ ಜೂನಿನಲ್ಲಿ ನೆಟ್ಟರೆ ಮಳೆಗಾಲವಿಡೀ ಅಗಲ ಎಲೆ ಬಿಟ್ಟು ಓಣಿ ತುಂಬುತ್ತದೆ. ಡಿಸೆಂಬರಿನಲ್ಲಿ, ಪಕ್ಕದ ಮನೆಯ ನೆರಳು ಓಣಿಯನ್ನು ಪೂರ್ತಿ ನುಂಗುವ ಹೊತ್ತಿಗೆ, ಅದಕ್ಕೇ ಬಿಸಿಲಿನ ಹಂಗು ಮುಗಿದು ಎಲೆ ಹಣ್ಣಾಗಿರುತ್ತದೆ. ಸಂಕ್ರಾಂತಿಯ ಆಜುಬಾಜಿಗೆ ಗೆಡ್ಡೆ. ಅದರ ಬುಡದಲ್ಲಿ ಒಂದೆಲಗ ಹಬ್ಬಿಸಿದೆ, ಬಾಗಿಲ ಹತ್ತಿರದ ಮೂಲೆಗೆ ಜರೀಗಿಡ. ಕಾಂಪೌಂಡಿನ ಒಳಮೈಗೆ ಬಣ್ಣದ ಬದಲು ಬರೀ ಸುಣ್ಣ ಹೊಡೆಸಿದೆ. ನೆರಳಿನ ತಿಂಗಳುಗಳಲ್ಲಿ ಊಟದ ಮನೆಗೆ ಬೆಳಕು ಬರುವುದು ಆ ಬಿಳುಪಿನಿಂದಲೇ.

ಪಾರಿಜಾತಕ್ಕೆ ದಾರಿಯ ಪಕ್ಕ ಜಾಗ ಕೊಡಲಿಲ್ಲ. ಬೆಳಗ್ಗೆ ಉದುರಿದ ಹೂವು ನೋಡಲು ಚೆಂದ, ಇಬ್ಬನಿಗೆ ನೆನೆದು ಕಲ್ಲಿನ ಮೇಲೆ ಬಿದ್ದರೆ ಜಾರುಬಂಡಿ. ಅದು ಅಂಗಳದ ಈಶಾನ್ಯದ ಮೂಲೆಯಲ್ಲಿ ಮಣ್ಣಿನ ಮೇಲಿದೆ. ಮುಳ್ಳಿನ ಬೋಗನ್‌ವಿಲ್ಲಾ ಬೇಕೆಂದ ಮಗಳಿಗೆ ಗ್ರಿಲ್‌ನ ಬೀದಿ ಬದಿ ತೋರಿಸಿದ್ದೇನೆ.

ರಾತ್ರಿ ಬೆಳಕು

ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕು, ಆದರೆ ಕಣ್ಣಿಗೆ ಹೊಡೆಯುವ ಬೆಳಕು ಆಗದು. ಗೋಡೆಗೆ ಫ್ಲಡ್ ಲೈಟ್ ಬಿಗಿದರೆ ದಾರಿಗಿಂತ ಬಲ್ಬೇ ಹೆಚ್ಚು ಕಾಣುತ್ತೆ. ತೊಟ್ಟಿ ಗೋಡೆಯ ಗ್ರಾನೈಟ್ ಹಾಸು ದಾರಿಯ ಕಡೆಗೆ ಎರಡು ಇಂಚು ಚಾಚಿದೆ. ಅದರ ಅಡಿಗೆ ಅಲ್ಯುಮಿನಿಯಂ ಪ್ರೊಫೈಲಿನಲ್ಲಿ ಎಲ್‌ಇಡಿ ಪಟ್ಟಿ ಹಾಯಿಸಿದೆ, 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕು), ಐಪಿ 65 (ಧೂಳು, ಮಳೆನೀರು ಒಳಹೋಗದ್ದು), 24 ವೋಲ್ಟ್. ಬೆಳಕಿನ ಮೂಲ ಕಾಣದು, ಕಲ್ಲು ಮಾತ್ರ ಕಾಣುತ್ತದೆ. ದಾರಿ ಏರಿದಂತೆ ಪಟ್ಟಿ ನೆಲಕ್ಕೆ ಹತ್ತಿರವಾಗುವುದರಿಂದ ಬಾಗಿಲ ಕಡೆ ತಾನಾಗಿಯೇ ಬೆಳಕು ಗಾಢ. ಅದು ನಾನು ಯೋಚಿಸಿದ್ದಲ್ಲ, ಮಟ್ಟಸ ಗೋಡೆಯ ಕೊಡುಗೆ.

ಪಟ್ಟಿಗೆ ಕರೆಂಟ್ ಕೊಡುವ ಡ್ರೈವರ್ ಸಜ್ಜಾದಡಿಯ ಪೆಟ್ಟಿಗೆಯಲ್ಲಿ, ಹೊರಗಿನ ಸರ್ಕ್ಯೂಟಿಗೆ ಪ್ರತ್ಯೇಕವಾಗಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್). ತೋಟದ ವೈರಿಂಗಿಗೆ ಇದರ ಖರ್ಚು ಉಳಿಸಲು ಹೋಗಬೇಡಿ. ಮೋಷನ್ ಸೆನ್ಸರ್ ಬೇಡವೆಂದೆ, ನಮ್ಮ ಬೀದಿಯ ಬೆಕ್ಕುಗಳಿಗೆ ರಾತ್ರಿಯಿಡೀ ದೀಪಾವಳಿ ಆಗುತ್ತಿತ್ತು. ಗೇಟಿನ ಹತ್ತಿರ ಒಂದು, ಅಮ್ಮನ ಮಂಚದ ಪಕ್ಕ ಒಂದು ಟೂವೇ ಸ್ವಿಚ್. ಮುಂದಿನ ಮೂರು ಮೆಟ್ಟಿಲುಗಳ ಅಂಚಿಗೆ ಕಪ್ಪು ಕಲ್ಲಿನ ಗೆರೆ ಕೂರಿಸಿ ಒಂದು ಹಿಡಿಕಂಬಿ ಹಾಕಿದ್ದು ಬಿಟ್ಟರೆ ಆ ಕಡೆ ಏನೂ ಮಾಡಿಲ್ಲ.

ತುಳಸಿಕಟ್ಟೆಯನ್ನು ಜಗುಲಿ ಮುಂದಿನಿಂದ ತಂದು, ದಾರಿ ಏರಲು ಶುರುವಾಗುವ ಸಮತಟ್ಟಿನ ಪಕ್ಕಕ್ಕೆ ಕೂರಿಸಿದೆವು. ಪ್ರದಕ್ಷಿಣೆಗೆ ಸುತ್ತ ಮೂರಡಿ ಕಲ್ಲು ಹಾಸು. ಪೂಜೆಗೆಂದು ಹೊರಟವರು ಒಂದು ಸಲ ಇಳಿದು ಹತ್ತಿದರೆ 60 ಅಡಿ ನಡೆದಂತಾಯಿತು. ಫಿಸಿಯೋಥೆರಪಿಯವರು ಹೇಳಿದ ಸಂಜೆಯ ವಾಕಿಂಗ್ ಅದರಲ್ಲೇ ಸಂದಾಯವಾಗುತ್ತಿದೆ. ಗೇಟಿನ ಹೊರಗೆ ಚರಂಡಿ ಮೇಲಿನ ಚಪ್ಪಡಿ ಮಾತ್ರ ಇನ್ನೂ ಕಡಿದಾಗಿಯೇ ಇದೆ. ಅದು ಬೀದಿಗೆ ಸೇರಿದ ಜಾಗ, ಅಲುಗಾಡುತ್ತಿದ್ದ ಕಲ್ಲನ್ನು ಗಟ್ಟಿ ಕೂರಿಸಿದ್ದಷ್ಟೇ ನಮ್ಮ ಕೈಲಾದದ್ದು, ಅಲ್ಲಿ ಅಮ್ಮನಿಗೆ ಜೊತೆಗೊಬ್ಬರು ಬೇಕೇ ಬೇಕು.

ಬಾಕಿ ಇರುವುದು ಉತ್ತರದ ನಾಲ್ಕಡಿ ಓಣಿ. ಮೇನಿಂದ ಜುಲೈವರೆಗೆ ಅದಕ್ಕೆ ನಡುಹಗಲ ಬಿಸಿಲು ಬೀಳಬೇಕಾದ ಕಾಲ, ಆದರೆ ಜೂನ್ ಬಂತೆಂದರೆ ಆಕಾಶ ತುಂಬ ಮೋಡ, ನೆಲಕ್ಕೆ ಪಾಚಿ. ಅಲ್ಲಿ ದಾರಿ ಬೇಡ, ಸಿಮೆಂಟ್ ನೆಲ ಒಡೆದು ಜಲ್ಲಿ ಸುರಿದು ಕೆಸು ಹಾಕುವ ಯೋಚನೆ. ಅಕ್ಟೋಬರ್ ಮಳೆ ನಿಂತ ಮೇಲೆ ಮೇಸ್ತ್ರಿ ಬರುತ್ತೇನೆಂದಿದ್ದಾರೆ. ಟ್ಯೂಬ್ ಲೆವೆಲ್ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾರೆ.